ಕಾಕು ಕಟ್ಟಿದ ಕತ್ತಲೆ

ನಿನ್ನೆ ಸಂಜೆ ಅಟ್ಟದ ಮೇಲಿದ್ದ ಹಳೆಯ ಟೇಬಲ್ ಲ್ಯಾಂಪ್ ಇಳಿಸಿ ಹೊತ್ತಿಸಿದೆ. ಕಾದ ಬಲ್ಬಿನ ಮೇಲೆ ಧೂಳು ಸುಟ್ಟ ವಾಸನೆ ಬಂತು. ತವರಿನ ಮೇಲ್ಮಹಡಿಯ ಕಾಕು ಪಕ್ಕದಲ್ಲೇ ಬಂದು ಕೂತಂತಾಯಿತು...

ಪುಣೆಯ ಹಳೇ ವಾಡೆಯ ವಠಾರದಲ್ಲಿ ಕೆಳಗಿನ ಖೋಲಿಗಳು ನಮ್ಮವು, ಮೇಲಿನದು ಅವರದು; ಮರಾಠಿ ರೂಢಿಯಂತೆ ಚಿಕ್ಕಮ್ಮನೆಂದು ‘ಕಾಕು’ ಎನ್ನುತ್ತಿದ್ದೆ. ಅವರ ಯಜಮಾನರು ಸಿನಿಮಾ ಕಲಿಸುವ ಶಾಲೆಯೊಂದರಲ್ಲಿ ಪ್ರೊಜೆಕ್ಟರ್ ನಡೆಸುತ್ತಿದ್ದರು. ಮಧ್ಯಾಹ್ನದ ಆಟಕ್ಕೆ ಕಾಕು ನನ್ನನ್ನೂ ಕರೆದೊಯ್ಯುತ್ತಿದ್ದರು. ಅವರಿಗೆ ಜೀವವೆಂದರೆ ಅಮೆರಿಕದ ಅಗ್ಗದ ಕಪ್ಪು-ಬಿಳುಪು ಕೊಲೆ ಚಿತ್ರಗಳು. ಒಂದು ಕೋಣೆ, ಒಂದು ದೀಪ, ಟೋಪಿಯ ಗಂಡಸು, ಗೋಡೆಯ ಮೇಲೆ ಕಿಟಕಿಪಟ್ಟಿಗಳ ನೆರಳು... ಇಂಗ್ಲಿಷ್ ಇಬ್ಬರಿಗೂ ಅಷ್ಟಕ್ಕಷ್ಟೆ.

"ಈ ಸಿನಿಮಾದವರ ಕಡೆ ಸೆಟ್ ಹಾಕಲಿಕ್ಕೆ ರೊಕ್ಕ ಇಲ್ಲ ನೋಡವಾ. ಅದಕ್ಕ ಕತ್ತಲಿ ಹಾಕ್ಯಾರ," ಎನ್ನುತ್ತಿದ್ದರು. ಚಿತ್ರದ ಕೊನೆಗೆ ಪೊಲೀಸರ ಕೈಗೆ ಸಿಕ್ಕ ಹೆಂಗಸಿಗಾಗಿ ಕಣ್ಣೊರೆಸಿಕೊಳ್ಳುತ್ತಿದ್ದರು. ಕೊಲೆಗಾತಿಗಾಗಿ ಅಳುವವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಒಂದು ಮಳೆಗಾಲದಲ್ಲಿ ನನ್ನನ್ನು ನೋಡಲು ಸೊಲ್ಲಾಪುರದಿಂದ ಗಂಡಿನವರು ಬರುವವರಿದ್ದರು. ನಮ್ಮ ಗೋಡೆ ತುಂಬ ಬೂಸಲು, ಉದುರಿದ ಗಾರೆ. ಹಿಂದೆ ಬಂದು ಆ ಗೋಡೆ ನೋಡಿ ಹೋದವರು ತಿರುಗಿ ಈ ಕಡೆ ತಲೆ ಹಾಕಿರಲಿಲ್ಲ. ಅವ್ವ ಬೆಳಗಿನಿಂದ ಅಳುತ್ತಿದ್ದಳು. ಸಂಜೆ ಕಾಕು ಲ್ಯಾಂಪ್ ಹಿಡಿದು ಇಳಿದು ಬಂದರು. ಟ್ಯೂಬ್‌ಲೈಟಿನ ಸ್ಟಾರ್ಟರ್ ಬಿಚ್ಚಿ ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಲ್ಯಾಂಪನ್ನು ನನ್ನ ಮುಖಕ್ಕೆ ತಿರುಗಿಸಿ, ಗೋಡೆಯನ್ನು ಕತ್ತಲಿಗೆ ಬಿಟ್ಟರು.

"ಟ್ಯೂಬ್ ಕೆಟ್ಟದ್ರಿ, ಸ್ವಲ್ಪ ಸಂಭಾಳಿಸಿಕೋರಿ," ಎಂದು ಬಂದವರ ಕೈಗೆ ತಾವೇ ಅವಲಕ್ಕಿ ಕೊಟ್ಟರು.

ಸಂಬಂಧ ಕುದುರಿತು. ಮದುವೆಗೆ ಕಾಕು ಆ ಲ್ಯಾಂಪನ್ನೇ ಉಡುಗೊರೆ ಕೊಟ್ಟರು. ಆದರೆ ಮೋಸ ಮಾಡಿದೆನೆಂಬ ಅಳುಕು ಅವರನ್ನು ಬಿಡಲಿಲ್ಲ. ನಾನು ತವರಿಗೆ ಹೋದಾಗಲೆಲ್ಲ ಕಿವಿಯಲ್ಲಿ ಕೇಳುತ್ತಿದ್ದರು: "ಅಳಿಯಂದ್ರಿಗೆ ಗೊತ್ತಾಗಿಲ್ಲ, ಹೌದಲ್ಲವಾ?" ಹಾಸಿಗೆ ಹಿಡಿದ ಮೇಲೂ ಅದನ್ನೇ ಕೇಳಿದರು. ಇಲ್ಲ ಕಾಕು, ಎಂದೆ. ಆಮೇಲೆ ಅವರು ಹೆಚ್ಚು ದಿನ ಇರಲಿಲ್ಲ...

ನಿನ್ನೆ ಲ್ಯಾಂಪಿನ ವಾಸನೆಗೆ ನಮ್ಮವರು ಒಳಗೆ ಬಂದರು. ಅದನ್ನು ನೋಡಿ ನಕ್ಕರು.

"ನಿಮ್ಮ ಕಾಕು ಅವಲಕ್ಕಿ ಕೊಡುವಾಗ ಸೆರಗಿನ ಗಂಟಿನ್ಯಾಗಿಂದ ಸ್ಟಾರ್ಟರ್ ಇಣುಕತಿತ್ತು. ನಮ್ಮಪ್ಪಗ ಕಾಣಬಾರದಂತ ನಾನಽ ಅಡ್ಡ ಕೂತಿದ್ದೆ."

"ಇಷ್ಟು ವರ್ಷ ಯಾಕ ಹೇಳಲಿಲ್ರಿ?"

"ಹೇಳಿದ್ರ ಕಾಕುಗ ನಾಚಿಕಿ ಆಗತಿತ್ತು."

ಈ ಒಂದು ಮಾತು ಕೇಳಿದ್ದರೆ ಆ ಜೀವ ಹಗುರಾಗಿ ಹೋಗುತ್ತಿತ್ತು. ಈಗ ಯಾರಿಗೆ ಹೇಳಲಿ? ಬಿಕ್ಕಿ ಅತ್ತೆ. ಅವರು ಮೇಲಿನ ದೀಪ ಆರಿಸಿ, ಲ್ಯಾಂಪಿನ ಬೆಳಕಿನಲ್ಲಿ ನನ್ನ ಪಕ್ಕ ಬಂದು ಕೂತರು.