ಹದ್ದಿನ ಕಣ್ಣಕ್ಕ ಮತ್ತು ಕೊಕ್ಕಿಲ್ಲದ ಮಿಂಚುಳ್ಳಿ

ಬೆಳಗಿನ ಆರು ಗಂಟೆ. ಮುದ್ರಣಾಲಯದ ಯಂತ್ರಗಳು ಇನ್ನೂ ಸದ್ದೆತ್ತಿಲ್ಲ. ಹಿಂಬದಿಯ ಕೋಣೆಯಲ್ಲಿ ಮಾತ್ರ ಎರಡು ಟ್ಯೂಬ್‌ಲೈಟು ಉರಿಯುತ್ತಿವೆ. ಓರೆ ಮೇಜಿನ ಮುಂದೆ, ಎತ್ತರದ ಸ್ಟೂಲಿನ ಮೇಲೆ, ಅರವತ್ತೊಂದರ ಹೆಂಗಸೊಬ್ಬರು ಕೂತಿದ್ದಾರೆ. ಎಡಗೈ ಹಾಳೆ ಎತ್ತುತ್ತದೆ, ಕಣ್ಣು ಮೇಲಿಂದ ಕೆಳಗೆ ಎರಡು ಸಲ ಇಳಿಯುತ್ತದೆ, ಬಲಗೈ ಹಾಳೆಯನ್ನು ಮಗುಚಿ ಹಾಕುತ್ತದೆ. ನಡುವೆ ಒಮ್ಮೆ ಕೈ ನಿಲ್ಲುತ್ತದೆ. ಕಿವಿಯ ಹಿಂದಿದ್ದ ನೀಲಿ ಪೆನ್ಸಿಲ್ ಕೆಳಗೆ ಬಂದು, ಹಾಳೆಯ ಅಂಚಿನಲ್ಲಿ ಇಂಟು ಗುರುತು ಹಾಕಿ, ಮತ್ತೆ ಸ್ವಸ್ಥಾನ ಸೇರುತ್ತದೆ.

"ನೋಡಿ, ಸೊನ್ನೆಗೂ ಐದಕ್ಕೂ ಮಧ್ಯೆ ಇರೋ ಚುಕ್ಕೆ ಬಿದ್ದೋಗಿದೆ. ಅರ್ಧ ಚಮಚ ಕುಡಿಯೋ ಮಗುಗೆ ಐದು ಚಮಚ ಕುಡಿಸ್ತಾರೆ," ಎನ್ನುತ್ತಾರೆ ಹಾಳೆಯಿಂದ ತಲೆಯೆತ್ತದೆ.

ಇಲ್ಲಿ ಅಚ್ಚಾಗುವುದು ಔಷಧಿ ಬಾಟಲಿಗೆ ಅಂಟಿಸುವ ಚೀಟಿ. ಇವರ ಕೈಯಿಂದ ದಿನಕ್ಕೆ ಮೂರೂವರೆ ಸಾವಿರ ಹಾಳೆ ದಾಟುತ್ತವೆ, ಹಾಳೆಗೆ ಇಪ್ಪತ್ತನಾಲ್ಕು ಚೀಟಿ. ಕೆಮ್ಮಿನ ಔಷಧಿ ಕುಡಿದು ಮುಖ ಸಿಂಡರಿಸುವ ನಮಗೆ, ಅದರ ಚೀಟಿಯನ್ನು ಯಾರೋ ಒಬ್ಬರು ಕಣ್ಣಲ್ಲಿ ಕಣ್ಣಿಟ್ಟು ನೋಡಿರುತ್ತಾರೆಂದು ಎಲ್ಲಿ ಹೊಳೆಯಬೇಕು? ಜೊತೆಯವರು ಇವರನ್ನು ಎದುರಿಗೆ 'ಅಕ್ಕ' ಎನ್ನುತ್ತಾರೆ, ಬೆನ್ನ ಹಿಂದೆ 'ಹದ್ದಿನ ಕಣ್ಣಕ್ಕ'. ಎರಡೂ ಅಕ್ಕನಿಗೆ ಗೊತ್ತು.

ಇದಕ್ಕೂ ಮೊದಲು ಅಕ್ಕ ಕೆಲಸ ಮಾಡುತ್ತಿದ್ದುದು ಅಂಚೆಚೀಟಿ ಅಚ್ಚು ಹಾಕುವ ದೊಡ್ಡ ಮುದ್ರಣಾಲಯದಲ್ಲಿ. ಅಲ್ಲೂ ಇದೇ ಕೆಲಸ, ಇದೇ ನೀಲಿ ಪೆನ್ಸಿಲ್. ಇಂಟು ಬಿದ್ದ ಹಾಳೆ ರದ್ದಿ ಕಟ್ಟು ಸೇರಬೇಕು, ಸಂಜೆ ಎಣಿಸಿ ಸುಡಬೇಕು. ಮೂವತ್ತೆರಡು ವರ್ಷದ ಹಿಂದೆ ಒಂದು ದಿನ ಮಿಂಚುಳ್ಳಿಯ ಚಿತ್ರದ ಚೀಟಿ ಅಚ್ಚಾಗುತ್ತಿತ್ತು. ಎರಡು ಹಾಳೆ ಒಂದಕ್ಕೊಂದು ಅಂಟಿಕೊಂಡು ಯಂತ್ರಕ್ಕೆ ಹೋದವು. ಮೇಲಿನದಕ್ಕೆ ಕೆಂಪು ಬಣ್ಣ ಬಿತ್ತು, ಕೆಳಗಿನದಕ್ಕೆ ಬೀಳಲಿಲ್ಲ. ಹಕ್ಕಿಗಳಿಗೆ ಕೊಕ್ಕೂ ಇಲ್ಲ, ಕಾಲೂ ಇಲ್ಲ. ಅಕ್ಕ ಕಂಡು ಹಿಡಿದರು, ಮೇಲಿನ ಸಾಲಿನ ಪಕ್ಕದ ಅಂಚಿಗೆ ಇಂಟು ಹಾಕಿದರು, ರದ್ದಿಗೆ ಎಸೆದರು. ಮನೆಗೆ ಬಂದು ಅಣ್ಣನಿಗೆ ಹೇಳಿಕೊಂಡು ನಕ್ಕರು.

ಆದರೆ ಆ ಸಂಜೆ ಲೆಕ್ಕಕ್ಕೆ ಹಾಳೆ ಸಾಲದೆ ಬಂದಾಗ ಮೇಲ್ವಿಚಾರಕ ಮಹಾಶಯ ರದ್ದಿ ಕಟ್ಟಿಗೆ ಕೈ ಹಾಕಿದ್ದ. ಕೊಕ್ಕಿಲ್ಲದ ಹಕ್ಕಿಗಳು ಒಳ್ಳೆಯ ಹಾಳೆಗಳ ಜೊತೆ ಸೇರಿ ಊರಿಗೆ ಹೊರಟವು. ಅಕ್ಕನ ಅಣ್ಣ ಅಂಚೆ ಕಚೇರಿಯ ಕೌಂಟರಿನಲ್ಲಿದ್ದವರು. ಗದ್ದಲದಲ್ಲಿ ಹರಿದು ಹರಿದು ಮಾರುತ್ತ, ಕೊನೆಯ ಜೋಡಿ ಉಳಿದಾಗ ಅಂಚಿನ ನೀಲಿ ಇಂಟು ಅವರ ಕಣ್ಣಿಗೆ ಬಿತ್ತು. ಆ ಜೋಡಿಯನ್ನು ಮುಖಬೆಲೆ ಕೊಟ್ಟು ಕೊಂಡು, ತಂಗಿಯ ಕೈಗೆ ತಂದಿಟ್ಟರು. ಉಳಿದವೆಲ್ಲ ಅಷ್ಟರಲ್ಲಿ ಯಾರ್ಯಾರದೋ ಲಕೋಟೆಯ ಮೇಲೆ ಕೂತು ಹೋಗಿದ್ದವು.

ಸುದ್ದಿ ಹಬ್ಬಿತು, ವಿಚಾರಣೆ ನಡೆಯಿತು. ಅಕ್ಕ ಜೋಡಿಯನ್ನು ತೋರಿಸಿದರು. "ಈ ಗುರುತು ಮನೇಲಿ ಕೂತು ಯಾರು ಬೇಕಾದ್ರೂ ಹಾಕ್ಬಹುದಲ್ಲಮ್ಮ? ಫೈಲಿಗೆ ಬಿಟ್ಟು ಹೋಗಿ," ಎಂದರಂತೆ ಅಧಿಕಾರಿ. "ನಾನು ಬಿಡ್ಲಿಲ್ಲ," ಎನ್ನುತ್ತಾರೆ ಅಕ್ಕ. "ಪರ್ಸಿಗೆ ಹಾಕ್ಕೊಂಡು ಎದ್ದು ಬಂದೆ. ಅಲ್ಲಿ ಬಿಟ್ಟಿದ್ರೆ ಅದು ಎಲ್ಲಿಗೆ ಹೋಗ್ತಿತ್ತು ಅಂತ ನನಗೆ ಗೊತ್ತಿಲ್ವಾ?" ವರದಿಯಲ್ಲಿ 'ತಪಾಸಣೆಯವರ ಕಣ್ತಪ್ಪು' ಎಂದು ಬರೆದರು. ಅಕ್ಕನನ್ನು ಮೇಜಿನಿಂದ ಎಬ್ಬಿಸಿ, ಕಟ್ಟು ಕಟ್ಟುವ ವಿಭಾಗಕ್ಕೆ ಹಾಕಿದರು. ಅಕ್ಕ ರಾಜೀನಾಮೆ ಬರೆದು ಹೊರಬಿದ್ದರು.

ಅಯ್ಯೋ, 'ಕಣ್ತಪ್ಪು' ಎಂಬ ಒಂದು ಪದಕ್ಕೆ ಇಷ್ಟು ಸಿಟ್ಟೇ ಎನ್ನುವವರು ಈ ಮಾತು ಕೇಳಬೇಕು. ಕಳೆದ ತಿಂಗಳು, ಈಗಿನ ಮುದ್ರಣಾಲಯದಲ್ಲಿ, ಬಣ್ಣ ಕಲೆಸಿಹೋದ ಹಾಳೆಯೊಂದು ಅಕ್ಕನ ಕೈ ದಾಟಿತು. ಯಂತ್ರದವನು ಕಂಡು, ಸದ್ದಿಲ್ಲದೆ ಎತ್ತಿಟ್ಟು ತಂದುಕೊಟ್ಟ. ಅಕ್ಕ ಮಾಲೀಕರ ಕೋಣೆಗೆ ಹೋಗಿ ಹಾಳೆಯನ್ನು ಮೇಜಿನ ಮೇಲಿಟ್ಟರು. "ಇದು ನನ್ನ ಕಣ್ತಪ್ಪು. ಬರ್ಕೊಳ್ಳಿ, ಸಹಿ ಹಾಕ್ತೀನಿ."

ಆ ಹಾಳೆ ಕಣ್ತಪ್ಪಿದ್ದಕ್ಕೆ ಕಾರಣವೂ ಇದೆ. ಅಕ್ಕನ ಎರಡೂ ಕಣ್ಣಿನ ಹಿಂದಿನ ಪರದೆ ಸವೆಯುತ್ತಿದೆ. ನೆಟ್ಟಗಿನ ಗೆರೆ ಈಗ ನಡುವೆ ಬಾಗಿದಂತೆ ಕಾಣುತ್ತದೆ. ಆರು ತಿಂಗಳೊಳಗೆ ಶಸ್ತ್ರಚಿಕಿತ್ಸೆ ಆಗದಿದ್ದರೆ ಈ ಸ್ಟೂಲು ಬಿಟ್ಟು ಇಳಿಯಬೇಕು ಎಂದಿದ್ದಾರೆ ವೈದ್ಯರು. ಅಲ್ಲಿಯವರೆಗೆ ಪ್ರತಿ ಹಾಳೆಯನ್ನೂ ಎರಡು ಸಲ ನೋಡುತ್ತಾರೆ, ಅನುಮಾನ ಬಂದರೆ ಭೂತಗನ್ನಡಿ ಹಿಡಿಯುತ್ತಾರೆ. ಅದಕ್ಕೇ ಎಲ್ಲರಿಗಿಂತ ಎರಡು ಗಂಟೆ ಮೊದಲು ಬರುತ್ತಾರೆ.

ಸ್ಟಾಂಪ್ ವ್ಯಾಪಾರಿ ಮನೆ ಹುಡುಕಿಕೊಂಡು ಬಂದದ್ದು ಇಂಥ ಹೊತ್ತಿನಲ್ಲೇ. ಕೊಕ್ಕಿಲ್ಲದ ಮಿಂಚುಳ್ಳಿಗೆ ಈಗ ಸಂಗ್ರಾಹಕರು ಮುಗಿಬೀಳುತ್ತಿದ್ದಾರೆ. ಸಿಕ್ಕಿರುವ ಏಳೆಂಟೂ ಅಂಚೆಯ ಠಸ್ಸೆ ಬಿದ್ದು ಹಾಳಾದವು. ಮುಟ್ಟದ ಜೋಡಿ ಇರುವುದು ಇದೊಂದೇ. ಆತ ಹೇಳಿದ ಬೆಲೆಗೆ ಎರಡು ಕಣ್ಣೂ ಸರಿಯಾಗಿ, ಒಂದಿಷ್ಟು ಮಿಗುತ್ತಿತ್ತು. "ಒಂದೇ ತೊಂದರೆ ಅಮ್ಮಾ, ಅಂಚಲ್ಲಿ ಯಾರೋ ಗೀಚಿದಾರೆ. ತಗೊಳ್ಳೋರಿಗೆ ಶುದ್ಧವಾಗಿರಬೇಕು. ಅಂಚು ಹರಿದುಬಿಡೋಣ," ಎಂದ. ಜೊತೆಗೆ ತನ್ನ ಕ್ಯಾಟಲಾಗ್ ಬಿಡಿಸಿ ತೋರಿಸಿದ. 'ತಪಾಸಣೆಯ ಮಹಿಳೆಯ ಕಣ್ತಪ್ಪಿನಿಂದ ಹುಟ್ಟಿದ ಅಪರೂಪ' ಎಂದಿತ್ತು. ಅಕ್ಕ ಆ ಸಾಲಿಗೆ ದಪ್ಪಗೆ ನೀಲಿ ಗೀಟು ಎಳೆದು, ಪುಸ್ತಕ ಮಡಚಿ ಅವನ ಕೈಗೆ ಕೊಟ್ಟರು. "ಆ ಯಾರೋ ನಾನೇ. ಈಗ ಹೊರಡಿ."

ಮಗಳು ಶಾಲಾ ವ್ಯಾನ್ ಓಡಿಸುತ್ತಾಳೆ. ಅವಳಿಗೆ ಕೋಪ ನೆತ್ತಿಗೇರಿತು. "ಒಂದು ಗುರುತಿಗೋಸ್ಕರ ಕುರುಡಿ ಆಗ್ತೀಯಾ ಅಮ್ಮಾ? ವಿಚಾರಣೆ ಮಾಡಿದೋರು ಯಾರೂ ಈಗ ಬದುಕಿಲ್ಲ. ಯಾರಿಗೆ ತೋರಿಸ್ಬೇಕು ಇನ್ನು?"

"ನನಗೆ," ಎಂದರು ತಾಯಿ. ಮೂರು ದಿನ ಜೋಡಿ ಬೀರುವಿನೊಳಗೇ ಇತ್ತು. ಆ ಮೂರು ದಿನವೂ ಭಯವಾಗಿತ್ತು ಎಂದು ಅಕ್ಕ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಗಡಿಯಾರದ ಮುಳ್ಳು ಬಾಗಿ ಕಂಡಾಗಲೆಲ್ಲ ಒಂದೊಂದು ಕಣ್ಣು ಮುಚ್ಚಿ ಮತ್ತೆ ನೋಡುತ್ತಿದ್ದರಂತೆ. ನಾಲ್ಕನೇ ದಿನ ಅವರೇ ವ್ಯಾಪಾರಿಗೆ ಫೋನ್ ಮಾಡಿದರು.

ಆತ ಚಿಮುಟ, ಚೀಟಿ ಇಡುವ ತೆಳು ಪಾರದರ್ಶಕ ಲಕೋಟೆ, ಎಲ್ಲ ಸಜ್ಜು ಮಾಡಿಕೊಂಡೇ ಬಂದ. ಅಕ್ಕ ಜೋಡಿಯನ್ನು ಮೇಜಿನ ಮೇಲಿಟ್ಟು, ಎರಡು ಚೀಟಿಗಳ ನಡುವಿನ ತೂತುಗಳ ಸಾಲಿನ ಮೇಲೆ ಉಗುರು ಎಳೆದು ಮಡಚಿದರು. ಆತ ಕೈ ಚಾಚುವಷ್ಟರಲ್ಲಿ ಪರ್ರ್ ಎಂದು ಹರಿದರು.

"ಅಯ್ಯಯ್ಯೋ, ಏನ್ಮಾಡಿಬಿಟ್ರಿ! ಜೋಡಿ ಹೋಯ್ತಲ್ಲಮ್ಮಾ! ಬಿಡಿಗೆ ಅರ್ಧ ಬೆಲೆನೂ ಬರಲ್ಲ!"

"ಬಂದಷ್ಟು ಕೊಡಿ. ಇದು ನಿಮಗೆ ಬೇಕಾದ ಹಾಗೆ ಶುದ್ಧವಾಗಿದೆ. ಗೀಚಿರೋದು ನನಗಿರಲಿ." ಅಂಚಿನ ಇಂಟಿಗೆ ಅಂಟಿಕೊಂಡಿದ್ದ ಕೊಕ್ಕಿಲ್ಲದ ಹಕ್ಕಿ ಮತ್ತೆ ಬೀರು ಸೇರಿತು. ಅಂಚೊಂದನ್ನೇ ಇಟ್ಟುಕೊಂಡು ಎರಡನ್ನೂ ಮಾರಬಹುದಿತ್ತಲ್ಲ ಎಂದರೆ ಅಕ್ಕ ಗದರುತ್ತಾರೆ. "ಬರೀ ಅಂಚಿಟ್ಕೊಂಡು ಏನ್ಮಾಡ್ಲಿ? ಯಾವ ತಪ್ಪು ಹಿಡಿದೆ ಅಂತ ಅದರ ಪಕ್ಕದಲ್ಲೇ ಇರ್ಬೇಕು."

ಬಂದ ಹಣ ಒಂದು ಕಣ್ಣಿಗೆ ಸಾಲುತ್ತದೆ. ಮುಂದಿನ ವಾರ ಬಲಗಣ್ಣಿನ ಶಸ್ತ್ರಚಿಕಿತ್ಸೆ. ಎಡಗಣ್ಣಿಗೆ ಎಲ್ಲಿಂದಲೂ ದಾರಿ ಕಾಣುತ್ತಿಲ್ಲ, ಬಹುಶಃ ಅದು ಹೋಗುತ್ತದೆ. ಬೇಜಾರಿಲ್ಲವೇ ಎಂದು ಕೇಳಿದರೆ ಅಕ್ಕ ಹಾಳೆ ಎತ್ತುವ ಕೈಯನ್ನು ನಿಲ್ಲಿಸುವುದೇ ಇಲ್ಲ.

"ಇದೆ, ಯಾಕಿರಲ್ಲ? ಆದರೆ ಅವತ್ತು ವಿಚಾರಣೇಲಿ ಎರಡೆರಡು ಕಣ್ಣಿದ್ದೋರೆಲ್ಲ ಸಾಲಾಗಿ ಕೂತು ನೋಡಿದ್ರಲ್ಲ, ನಾನು ಹಾಕಿದ ಗುರುತು ಅವರಿಗೆ ಕಾಣ್ಲಿಲ್ಲ. ನನಗೆ ಒಂದು ಸಾಕು."