ಬಕೂಲಿ ಕಟ್ಟಿದ ಜಾಲರಿ ಮನೆ

ಬಕೂಲಿ ಮಾಡಿದ ಜಾಲರಿ ಕಪಾಟಿನೊಳಗೆ ನೊಣ ನುಗ್ಗಿದ್ದನ್ನು ಕಂಡವರಿಲ್ಲ. ಮಡಗಾಸ್ಕರ್ ದ್ವೀಪದ ನಡುವಿನ ಗುಡ್ಡಸೀಮೆಯಲ್ಲಿ, ಅಂಬುಸಿಟ್ರ ಪೇಟೆಯ ಸುತ್ತಲಿನ ಅಡುಗೆಮನೆಗಳಲ್ಲಿ, ಮಿಕ್ಕ ಮಾಂಸ, ಒಣಮೀನು, ಮಕ್ಕಳಿಂದ ಬಚ್ಚಿಡಬೇಕಾದ ಸಕ್ಕರೆ ಎಲ್ಲವೂ ಅವಳ ಕಪಾಟುಗಳಲ್ಲೇ ಇರುತ್ತಿದ್ದವು. ಹೆಂಗಸು ಬಡಗಿ ಕೆಲಸ ಮಾಡುವುದೇ ಎಂದು ಯಾರಾದರೂ ಮೂಗಿನ ಮೇಲೆ ಬೆರಳಿಟ್ಟರೆ ಅವಳ ಉತ್ತರ ಸಿದ್ಧವಾಗಿರುತ್ತಿತ್ತು.

"ಗಂಡಸು ಕಟ್ಟಿದ್ದೋ ಹೆಂಗಸು ಕಟ್ಟಿದ್ದೋ ನೊಣಕ್ಕೆ ಗೊತ್ತಾಗಲ್ಲ ಬಿಡಿ. ಬಾಗಿಲು ಸರಿಯಾಗಿ ಕೂರುತ್ತಾ, ಅಷ್ಟು ನೋಡಿ."

ಉಳಿ ಹಿಡಿಯುವುದನ್ನು ಕಲಿಸಿದವನು ಅವಳ ಅಪ್ಪ, ಪೂರ್ವ ಕರಾವಳಿಯ ದೋಣಿ ಬಡಗಿ. ಝಫಿಯನ್ನು ಮದುವೆಯಾಗಿ ಅವಳು ಗುಡ್ಡ ಹತ್ತಿ ಬಂದು ಇಪ್ಪತ್ತು ವರ್ಷ ದಾಟಿತ್ತು. ಮಗಳನ್ನು ಮದುವೆ ಮಾಡಿ ಕಳಿಸಿಯೂ ಆಗಿತ್ತು. ಆದರೂ ಅತ್ತೆ ರಾವೆಲುವಿನ ಬಾಯಲ್ಲಿ ಅವಳು ಇನ್ನೂ "ಆ ಸಮುದ್ರದ ಕಡೆಯವಳು". ಗಂಡ ಝಫಿ ಒಳ್ಳೆಯವನೇ, ಆದರೆ ಅವ್ವನ ಮಾತಿಗೂ ಹೂಂ, ಹೆಂಡತಿಯ ಮಾತಿಗೂ ಹೂಂ. ಅಂಥವನನ್ನು ಕಟ್ಟಿಕೊಂಡವರಿಗೇ ಗೊತ್ತು ಅದರ ಕಷ್ಟ.

ಹಳೆಯ ಕೆಮ್ಮಣ್ಣಿನ ಮನೆ ಅದು. ಬಾಗಿಲು ಕಿಟಕಿ ಎಲ್ಲ ಪಡುವಣಕ್ಕೆ. ಈಶಾನ್ಯದ ಮೂಲೆ ಹಿರಿಯರದು. ತೀರಿಕೊಂಡ ಅಜ್ಜ ಮುತ್ತಜ್ಜಂದಿರೊಡನೆ ಮಾತಾಡಬೇಕಾದಾಗ ರಾವೆಲು ಅಲ್ಲಿ ನಿಂತು, ನೆಲಕ್ಕೆ ನಾಲ್ಕು ಹನಿ ರಮ್ಮು ಬಿಟ್ಟು, ಮನೆಯ ಸುಖದುಃಖ ಹೇಳುತ್ತಿದ್ದಳು. ಬಕೂಲಿ ನಡುಗಂಬದವರೆಗೆ ಮಾತ್ರ. ಬರಬೇಡ ಎಂದು ಯಾರೂ ಬಾಯಿಬಿಟ್ಟು ಹೇಳಿದ್ದಿಲ್ಲ. ಮದುವೆಯಾದ ಹೊಸದರಲ್ಲಿ ಅವಳು ಆ ಮೂಲೆ ಗುಡಿಸಲು ಹೋದಾಗ ಅತ್ತೆ ಎದ್ದು ಬಂದು ಅವಳ ಕೈಯಿಂದ ಪೊರಕೆ ತೆಗೆದುಕೊಂಡಿದ್ದಳು, ಅಷ್ಟೇ. ಅಷ್ಟು ಸಾಲದೇ? ಬಕೂಲಿ ಅದನ್ನು ಮರೆತಿರಲಿಲ್ಲ.

ಆ ವರ್ಷ ಮೊದಲ ಮಳೆ ಬಿದ್ದಾಗ ಗದ್ದೆಯ ಬದುವನ್ನು ಸರಿಮಾಡಲು ಗಂಡ ಹೆಂಡತಿ ಇಬ್ಬರೂ ಹೋಗಿದ್ದರು. ಬಕೂಲಿ ಎತ್ತಿ ಹಾಕಿದ ಗುದ್ದಲಿಗೆ ಮಣ್ಣಿನ ಜೊತೆ ಬಿಳಿ ಮೊಟ್ಟೆಗಳು ಕಿತ್ತು ಬಂದವು. ಗೋಸುಂಬೆಯ ಮೊಟ್ಟೆಗಳು. ಒಳಗೆ ಮರಿಗಳು ಬಲಿತಿದ್ದವು, ಒಡೆದು ಬರುವ ಹೊತ್ತು. ಹೆಚ್ಚಿನವು ಗುದ್ದಲಿಯ ಏಟಿಗೇ ಹೋದವು. ಒಂದೇ ಒಂದು, ಬೆರಳಿನಷ್ಟೂ ಉದ್ದವಿಲ್ಲದ್ದು, ಮಣ್ಣಿನಿಂದ ಹೊರಗೆ ಬಂದು ಗುದ್ದಲಿಯ ಹಿಡಿಯನ್ನು ಅಪ್ಪಿಕೊಂಡು ನಿಂತಿತು.

ಗೋಸುಂಬೆ ಎಂದರೆ ನಮ್ಮ ಮಾತಿನಲ್ಲಿ ಬೈಗುಳ. ಆ ಮನೆತನದಲ್ಲಿ ಹಾಗಲ್ಲ. ಅದನ್ನು ನೋಯಿಸಿದರೆ ಹಿರಿಯರನ್ನು ನೋಯಿಸಿದಂತೆ. ಬೆರಳು ನೀಡಿ ತೋರಿಸುವುದೂ ಇಲ್ಲ, ಬೆರಳನ್ನು ಮಡಚಿ ಗೆಣ್ಣಿನಿಂದ ತೋರಿಸಬೇಕು. ಝಫಿಯ ಮುಖ ಸುಣ್ಣದಂತಾಯಿತು. ಬಕೂಲಿ ಮಾತ್ರ ಮರಿಯನ್ನು ಕೈಯಲ್ಲಿ ಮುಟ್ಟದೆ ಒಂದು ದಾಸವಾಳದ ಕಡ್ಡಿಗೆ ಹತ್ತಿಸಿಕೊಂಡು, ನೆಟ್ಟಗೆ ಅತ್ತೆಯ ಮುಂದೆ ತಂದು ನಿಲ್ಲಿಸಿದಳು.

"ನನ್ನ ಕೈಯಿಂದಲೇ ಆಯ್ತು ಅತ್ತೆ. ನಿಮ್ಮ ಮಗನದ್ದೇನೂ ತಪ್ಪಿಲ್ಲ."

ರಾವೆಲು ಬಹಳ ಹೊತ್ತು ಮರಿಯನ್ನೇ ನೋಡಿದಳು. ಮರಿಯ ಒಂದು ಕಣ್ಣು ಅವಳ ಕಡೆ, ಇನ್ನೊಂದು ಸೂರಿನ ಕಡೆ.

"ಅದರ ಮನೆ ಒಡೆದವಳು ನೀನು. ಮನೆ ಕಟ್ಟಿಕೊಡೋಳೂ ನೀನೇ. ದೊಡ್ಡದಾಗಿ ಬೇಲಿ ಸೇರೋವರೆಗೂ ಅದರ ಜೀವ ನಿನ್ನ ತಲೆ ಮೇಲೆ. ಸತ್ತರೆ, ನಿನ್ನ ಸಮುದ್ರದ ದಾರಿ ನಿನಗೆ ಗೊತ್ತಲ್ಲ?"

ಕಟ್ಟುವುದು ಎಂದಮೇಲೆ ಬಕೂಲಿಗೆ ಹೇಳಿಕೊಡಬೇಕೇ! ಸೊಂಟಕ್ಕೆ ಬಟ್ಟೆ ಬಿಗಿದು ಕೂತಳು. ಪಕ್ಕದ ಮನೆಯ ಸಹುಂಡ್ರಾ ದೊಡ್ಡ ಗಾಜಿನ ಜಾಡಿ ಹಿಡಿದುಕೊಂಡು ಬಂದಳು.

"ಇದರಲ್ಲಿ ಹಾಕೇ, ಸುತ್ತಲಿಂದಲೂ ಚೆನ್ನಾಗಿ ಕಾಣುತ್ತೆ."

"ನಿನ್ನನ್ನ ಅದರೊಳಗೆ ಹಾಕಿ ಮುಚ್ಚಳ ಹಾಕ್ಲಾ? ನೀನೂ ಚೆನ್ನಾಗಿ ಕಾಣ್ತೀಯ."

ಗಾಳಿಯಾಡಬೇಕು, ಮರಿ ಹತ್ತಬೇಕು. ಹಾಗಾಗಿ ಅಗಲಕ್ಕಿಂತ ಎತ್ತರ ಹೆಚ್ಚು. ಮೂರು ಕಡೆಗೂ ಸಣ್ಣ ಕಣ್ಣಿನ ಜಾಲರಿ. ದೊಡ್ಡ ಕಣ್ಣಾದರೆ ಉಗುರು ಸಿಕ್ಕಿಕೊಳ್ಳುತ್ತದೆ, ಮರಿ ತೂರಿಕೊಂಡು ಹೋಗುತ್ತದೆ. ತಂತಿಯ ತುದಿಯೊಂದೂ ಒಳಗೆ ಚಾಚದಂತೆ ಪಟ್ಟಿ ಹೊಡೆದಳು. ಒಳಗೊಂದು ಕಾಫಿ ಗಿಡದ ಕುಂಡ, ಅಡಗಿಕೊಳ್ಳುವಷ್ಟು ಎಲೆ. ಮರಿಯ ಪುಟ್ಟ ಮುಷ್ಟಿಗೆ ಸಿಗುವಂಥ ತೆಳ್ಳನೆಯ ಕಡ್ಡಿಗಳು ಅಡ್ಡಕ್ಕೂ ಓರೆಗೂ. ಬಟ್ಟಲಲ್ಲಿಟ್ಟ ನೀರನ್ನು ಅದು ಕಣ್ಣೆತ್ತಿಯೂ ನೋಡುವುದಿಲ್ಲ, ಎಲೆಯ ಮೇಲಿನ ಹನಿಯನ್ನೇ ನೆಕ್ಕುತ್ತದೆ ಎಂಬುದು ಅವಳಿಗೆ ಚಿಕ್ಕಂದಿನಿಂದ ಗೊತ್ತು. ಅದಕ್ಕೇ ಮೇಲೊಂದು ಹಾಲಿನ ಡಬ್ಬಿ ಕಟ್ಟಿ, ತಳಕ್ಕೆ ಸೂಜಿಯಿಂದ ತೂತು ಮಾಡಿದಳು. ತೊಟ್, ತೊಟ್ ಎಂದು ಎಲೆಯಿಂದ ಎಲೆಗೆ ನೀರು ಇಳಿಯತೊಡಗಿತು.

ಜೀವಮಾನದಲ್ಲಿ ಅಷ್ಟು ಚೆಂದದ ಕೆಲಸವನ್ನು ತಾನು ಮಾಡಿಲ್ಲ ಎಂದು ಅವಳಿಗೇ ಅನಿಸಿತು. ಅತ್ತೆ ಕೂಡ ಬಾಗಿಲನ್ನು ತೆಗೆದು, ಹಾಕಿ, ಮತ್ತೆ ತೆಗೆದು ನೋಡಿದಳು. ತಪ್ಪು ಹುಡುಕಿದಳು, ಸಿಗಲಿಲ್ಲ.

"ಝಫಿ, ಇದನ್ನ ಎತ್ಕೊಂಡು ಬಾ. ಹಿರಿಯರ ಮೂಲೆಗಿಡು."

ಬಕೂಲಿಯ ಕೈಯ ಕೆಲಸ ಈಶಾನ್ಯಕ್ಕೆ! ಅವಳು ಕಂಬದ ಹತ್ತಿರವೇ ನಿಂತಳು; ಪೆಟ್ಟಿಗೆ ಅವಳನ್ನು ದಾಟಿಕೊಂಡು ಹೋಗಿ ಮೂಲೆಯಲ್ಲಿ ಕೂತಿತು. ಮಾರನೆಯ ದಿನ ನೀರಿಗೆ ಹೋದಾಗ ಸಹುಂಡ್ರಾ ಬಿಡುತ್ತಾಳೆಯೇ?

"ಏನೇ, ಕುತ್ತಿಗೆ ನೆಟ್ಟಗಾಗಿದೆ ಇವತ್ತು! ಇಪ್ಪತ್ತು ವರ್ಷದಿಂದ ನಿನಗೆ ಸಿಗದೇ ಇದ್ದ ಜಾಗ ನಿನ್ನ ಪೆಟ್ಟಿಗೆಗೆ ಒಂದೇ ದಿನಕ್ಕೆ ಸಿಕ್ತಲ್ಲ."

"ಪೆಟ್ಟಿಗೆ ಹೋಯ್ತು ಅಂದ್ರೆ ನಾನು ಹೋದ ಹಾಗೇ ಕಣೇ" ಎಂದಳು ಬಕೂಲಿ. ಹೆಮ್ಮೆಯಿಂದಲೇ ಅಂದಳು. ನೋಡಲು ಬಂದವರೆಲ್ಲ ಗೆಣ್ಣು ಮಡಚಿ ತೋರಿಸಿ, ಯಾರು ಮಾಡಿದ್ದು ಎಂದು ಕೇಳುವಾಗ ಅವಳು ಕಂಬಕ್ಕೆ ಒರಗಿ ಏನೂ ಕೇಳಿಸದವಳಂತೆ ಅಕ್ಕಿ ಆರಿಸುತ್ತಿದ್ದಳು. ಒಂದು ಅಕ್ಷರವೂ ತಪ್ಪದೆ ಕೇಳಿಸುತ್ತಿತ್ತು.

ಮೂಲೆಗೆ ಅವಳು ಹೋಗುವಂತಿಲ್ಲವಲ್ಲ, ಡಬ್ಬಿಗೆ ನೀರು ತುಂಬುವುದು, ಸಣ್ಣ ನೊಣ, ಎಳೆ ಮಿಡತೆ ಬಿಡುವುದು ಝಫಿಯ ಪಾಲಿಗೆ ಬಂತು. ಮೊದಲು ಚೆನ್ನಾಗಿಯೇ ತಿಂದ ಮರಿ ಬರಬರುತ್ತಾ ಮಂಕಾಯಿತು. ಮೈ ಸುಟ್ಟ ಎಲೆಯ ಬಣ್ಣಕ್ಕೆ ತಿರುಗಿತು. ಹಾಡಹಗಲೇ ಕಣ್ಣು ಮುಚ್ಚಿಕೊಂಡು ಕೂರತೊಡಗಿತು. ಬಿಟ್ಟ ನೊಣಗಳು ಅದರ ಮೂಗಿನ ಮುಂದೆಯೇ ಓಡಾಡಿಕೊಂಡಿದ್ದವು.

"ಊಟಾನೂ ಬೇಡ ಅದಕ್ಕೆ" ಎಂದಳು ರಾವೆಲು, ದನಿ ತಗ್ಗಿಸಿ. "ನೋಡು, ಕಣ್ಣು ಮುಚ್ಚಿಕೊಂಡು ಹಿರಿಯರ ಜೊತೆ ಮಾತಾಡ್ತಾ ಇದೆ. ಯಾರೂ ಗಲಾಟೆ ಮಾಡ್ಬೇಡಿ."

ಊರವರು ನಂಬಿದರು. ಬಕೂಲಿಯೂ ನಂಬಿದಳು. ನಂಬದಿದ್ದರೆ ಅವಳಿಗೇ ನಷ್ಟ. ತನ್ನ ಪೆಟ್ಟಿಗೆಯಲ್ಲಿ ಕೂತು ಒಂದು ಜೀವ ಹಿರಿಯರೊಡನೆ ಮಾತಾಡುತ್ತಿದೆ ಎನ್ನುವುದಕ್ಕಿಂತ ದೊಡ್ಡ ಮರ್ಯಾದೆ ಯಾವ ಬಡಗಿಗೆ ಸಿಗುತ್ತದೆ?

ಆದರೆ ಬೆಳಿಗ್ಗೆ ಹೊಳೆಯ ದಾರಿಯ ಬೇಲಿ ಅವಳನ್ನು ಸುಮ್ಮನಿರಲು ಬಿಡಲಿಲ್ಲ. ಅಲ್ಲಿ ಅದೇ ಜಾತಿಯ ಮರಿಯೊಂದು ಮೂಡಣದ ಬಿಸಿಲಿಗೆ ಮೈಯ ಒಂದು ಮಗ್ಗುಲನ್ನು ಹಪ್ಪಳದ ಹಾಗೆ ಚಪ್ಪಟೆ ಮಾಡಿ ಒಡ್ಡಿಕೊಂಡು ಕೂತಿತ್ತು. ಆಗ ಅದರ ಮೈ ಕಪ್ಪಗಿತ್ತು. ಅವಳು ಕೊಡ ತುಂಬಿಕೊಂಡು ವಾಪಸು ಬರುವಷ್ಟರಲ್ಲಿ ಎಳೆ ಹಸಿರಾಗಿ, ಇಬ್ಬನಿ ನೆಕ್ಕಿ, ಬೇಟೆಗೆ ಹೊರಟಿತ್ತು. ಬಕೂಲಿ ಕೊಡ ಹೊತ್ತುಕೊಂಡೇ ನಿಂತುಬಿಟ್ಟಳು. ಈಶಾನ್ಯದ ಮೂಲೆಯಲ್ಲಿ ಕಿಟಕಿ ಇಲ್ಲ. ಅಲ್ಲಿ ಹಗಲೂ ಒಂದೇ, ಇರುಳೂ ಒಂದೇ. ಮರಿ ಮಾತಾಡುತ್ತಿಲ್ಲ, ಸಾಯುತ್ತಿದೆ.

ಪೆಟ್ಟಿಗೆಯನ್ನು ಅಲ್ಲಿಂದ ಎತ್ತಿದರೆ ಸಿಕ್ಕ ಮರ್ಯಾದೆ ಹೋಯಿತು. ಎತ್ತದಿದ್ದರೆ ಮರಿ ಹೋಯಿತು. ಆ ದಿನವೆಲ್ಲ ಅವಳ ಉಳಿ ಎಲ್ಲೋ, ಗೆರೆ ಎಲ್ಲೋ. ಗಂಡನನ್ನು ಕೇಳಿದಳು.

"ಅವ್ವ ಹೇಳೋದು ಸರಿ ಇರ್ಬಹುದು" ಎಂದ ಝಫಿ. "ನೀನು ಹೇಳೋದೂ ಸರೀನೇ."

"ನಿನ್ನನ್ನ ಕೇಳಿದ್ನಲ್ಲ, ನನಗೆ ಬುದ್ಧಿ ಇಲ್ಲ!"

ಮಾರನೆಯ ಬೆಳಿಗ್ಗೆ ರಾವೆಲು ಒಲೆಯ ಮುಂದೆ ಕೂತು, ತಳ ಹಿಡಿದ ಅನ್ನಕ್ಕೆ ನೀರು ಹೊಯ್ದು ಕುದಿಸಿದ ಗಂಜಿನೀರನ್ನು ಹೀರುತ್ತಿದ್ದಳು. ಬಕೂಲಿ ಅವಳ ಕಣ್ಣೆದುರಿಗೇ ಕಂಬ ದಾಟಿದಳು. ಮೂಲೆಯವರೆಗೂ ನಿಲ್ಲಲಿಲ್ಲ.

"ಏಯ್! ಮುಟ್ಟಬೇಡ!"

"ಮುಟ್ಟಿದೆ ಅತ್ತೆ" ಎಂದಳು ಬಕೂಲಿ, ಪೆಟ್ಟಿಗೆಯನ್ನು ತಬ್ಬಿ ಎತ್ತಿಕೊಂಡು. "ಇದಕ್ಕೆ ಬಿಸಿಲು ಬೇಕು. ಬೆಳಗಿನ ಬಿಸಿಲು."

"ಹಿರಿಯರಿಗೆ ಕೊಟ್ಟದ್ದನ್ನ ಕಿತ್ಕೊಂಡು ಬೀದಿಗೆ ಹಾಕ್ತೀಯೇನೇ?"

"ಬೀದಿಗಲ್ಲ. ಇದೇ ಈಶಾನ್ಯಕ್ಕೇ ಇಡ್ತೀನಿ. ಗೋಡೆಯಿಂದ ಆಚೆಗೆ, ಅಷ್ಟೇ."

ಮಾತು ಚುರುಕಾಗಿಯೇ ಇತ್ತು, ಆದರೆ ಅತ್ತೆ ಕರಗಲಿಲ್ಲ. ಅಂದಿನಿಂದ ಸೊಸೆಯೊಡನೆ ಮಾತು ಬಿಟ್ಟಳು, ಸೊಸೆ ಬೇಯಿಸಿದ ಅನ್ನ ಬಿಟ್ಟಳು. ತನ್ನ ಪುಟ್ಟ ಪಾತ್ರೆಯಲ್ಲಿ ತಾನೇ ಬೇಯಿಸಿಕೊಂಡಳು. ಊರಿನ ಬಾಯಿಗೆ ಬೀಗ ಎಲ್ಲಿದೆ! ಮರಿ ಈಗ ಸತ್ತರೆ ಬಕೂಲಿಯೇ ಕೊಂದಳೆಂದು ಎಲ್ಲರೂ ಹೇಳುವವರೇ.

ಮನೆಯ ಹೊರಗೆ, ಆ ಮೂಲೆಯ ಗೋಡೆಗೆ ತಾಗಿದ ಪೀಚ್ ಮರದ ಕೊಂಬೆಗೆ ಬಕೂಲಿ ಪೆಟ್ಟಿಗೆಯನ್ನು ತೂಗುಹಾಕಿದಳು. ಕೋಳಿಗೆ ಎಟುಕದಷ್ಟು ಎತ್ತರ. ಬರಿಯ ಬಿಸಿಲಾದರೂ ಸುಟ್ಟುಹೋಗುತ್ತದೆ. ಅದಕ್ಕೆ ಅರ್ಧಕ್ಕೆ ಚಾಪೆಯ ತುಂಡು ಹೊದಿಸಿ, ಬೇಕಾದಾಗ ನೆರಳಿಗೆ ಸರಿಯಲು ದಾರಿ ಮಾಡಿದಳು. ಸಂಜೆ ತಂಪಿಗೆ ಪೆಟ್ಟಿಗೆಯನ್ನು ಪಡುವಣ ಜಗಲಿಗೆ ತಂದಳು. ಮರಿಯ ಮೂಳೆ ಗಟ್ಟಿಯಾಗಲೆಂದು, ಕೋಳಿಗಳಿಗೆ ಕೊಡುವ ಹಾಗೆ, ಕೋಳಿಮೊಟ್ಟೆಯ ಚಿಪ್ಪನ್ನು ನುಣ್ಣಗೆ ಅರೆದು ಮಿಡತೆಗಳಿಗೆ ಸವರಿ ಬಿಟ್ಟಳು. ಮರಿಯನ್ನು ಕೈಯಲ್ಲಿ ಮಾತ್ರ ಎತ್ತಲಿಲ್ಲ, ಮುದ್ದು ಮಾಡಲಿಲ್ಲ. ಅದಕ್ಕೆ ಬೇಕಾಗಿದ್ದದ್ದು ಮುದ್ದಲ್ಲ.

ಮೊದಲ ದಿನ ಅದು ಕಣ್ಣು ತೆರೆಯಲಿಲ್ಲ. ಬಕೂಲಿಗೆ ಅನ್ನ ಇಳಿಯಲಿಲ್ಲ. ಮರುದಿನ ಬಿಸಿಲು ಬಿದ್ದ ಕಡೆಗೆ ಒಂದು ಮಗ್ಗುಲು ಚಪ್ಪಟೆಯಾಯಿತು. ಆಮೇಲೊಂದು ಬೆಳಿಗ್ಗೆ, ಕಾಫಿ ಎಲೆಯ ತುದಿಯಲ್ಲಿ ತೂಗುತ್ತಿದ್ದ ಹನಿಯನ್ನು ಅದು ಬಾಯಿ ತೆರೆದು ಕುಡಿಯಿತು. ಇನ್ನೊಂದು, ಮತ್ತೊಂದು. ಬಕೂಲಿ ಹೊದ್ದ ಬಟ್ಟೆಯ ತುದಿಯಿಂದ ಮೂಗು ಒರೆಸಿಕೊಂಡಳು.

ಆ ದಿನಗಳಲ್ಲೆಲ್ಲ ರಾವೆಲು ಮೊರ ಹಿಡಿದು ಮನೆಯ ಮೂಡಣ ಮಗ್ಗುಲಿಗೆ ಬಂದು ಕೂರುತ್ತಿದ್ದಳು. ಬಿಸಿಲು ಕಾಯಿಸಿಕೊಳ್ಳುವುದಕ್ಕಂತೆ! ಮೊರದಲ್ಲಿದ್ದ ಅಕ್ಕಿಯಲ್ಲಿ ಆರಿಸಲು ಕಲ್ಲೇ ಇರುತ್ತಿರಲಿಲ್ಲ.

ಒಂದು ದಿನ ಬಕೂಲಿ ಮಿಡತೆ ಬಿಟ್ಟು ಬಾಗಿಲು ಹಾಕುವಷ್ಟರಲ್ಲಿ ಮರಿಯ ಎರಡು ಕಣ್ಣೂ ಒಂದೇ ಕಡೆಗೆ ತಿರುಗಿದವು. ಮೈಯಷ್ಟೇ ಉದ್ದದ ನಾಲಿಗೆ ಛಟ್ಟನೆ ಹೊರಟು, ಮಿಡತೆಯೊಡನೆ ವಾಪಸು ಬಂತು. ಹಸಿರು ಮೈ, ಪಕ್ಕೆಯುದ್ದಕ್ಕೂ ಬಿಳಿಯ ಪಟ್ಟೆ, ಗಂಟಲು ಉಬ್ಬಿಸಿಕೊಂಡು ಅಗಿಯುವ ಠೀವಿ. ರಾವೆಲುವಿನ ಮೊರದಿಂದ ಅಕ್ಕಿ ಚೆಲ್ಲಿತು. ಅವಳು ಆರಿಸಲೂ ಇಲ್ಲ. ಎದ್ದು ಒಳಗೆ ಹೋದಳು.

"ಬಕೂಲಿ!" ಒಳಗಿನಿಂದ ಕರೆ ಬಂತು. ಎಷ್ಟೋ ದಿನದ ಮೇಲೆ ಅತ್ತೆಯ ಬಾಯಲ್ಲಿ ಆ ಹೆಸರು. ಬಕೂಲಿ ಓಡಿದಳು, ಅಭ್ಯಾಸದಂತೆ ಕಂಬದ ಹತ್ತಿರ ನಿಂತಳು. ಝಫಿಯೂ ಗಾಬರಿಯಿಂದ ಹಿಂದೆಯೇ ಬಂದ. ಈಶಾನ್ಯದಲ್ಲಿ ರಾವೆಲು ರಮ್ಮಿನ ಬಟ್ಟಲು ಹಿಡಿದು ನಿಂತಿದ್ದಳು.

"ಕಂಬ ಬೀಳುತ್ತೆ ಅಂತ ಹಿಡ್ಕೊಂಡಿದ್ದೀಯೇನು? ಬಾ ಇಲ್ಲಿ. ಅವರ ಹತ್ರ ಇದ್ದದ್ದನ್ನ ಆಚೆಗೆ ಯಾಕೆ ತಗೊಂಡು ಹೋದ್ವಿ ಅಂತ ಹಿರಿಯರಿಗೆ ಹೇಳ್ಬೇಕು."

"ಹೇಳಿ ಅತ್ತೆ."

"ನಾನೇನು ಹೇಳ್ಲಿ? ತಗೊಂಡು ಹೋದವಳು ನಾನಾ? ಅದಕ್ಕೆ ಏನು ಬೇಕು ಅಂತ ನನಗೆ ಗೊತ್ತಾಗ್ಲಿಲ್ಲ, ನಿನಗೆ ಗೊತ್ತಾಯ್ತು. ನೀನೇ ಹೇಳು."

ಬಟ್ಟಲು ಬಕೂಲಿಯ ಕೈಗೆ ಬಂತು. ಝಫಿ ತಲೆಯ ಮೇಲಿನ ಹುಲ್ಲಿನ ಟೋಪಿ ತೆಗೆದ. ಅವಳು ನೆಲಕ್ಕೆ ಹನಿ ಬಿಟ್ಟು, ಎದುರಿನ ಬರಿಗೋಡೆಯನ್ನು ನೋಡುತ್ತಾ ಮಾತಾಡಿದಳು.

"ನಾನು ಬಕೂಲಿ. ಈ ಮನೆ ಸೊಸೆ. ಪೆಟ್ಟಿಗೆ ಮಾಡಿದವಳು ನಾನು, ಚೆನ್ನಾಗೇ ಮಾಡಿದೀನಿ. ಆದ್ರೆ ನಿಮ್ಮ ಮೂಲೇಲಿ ಬಿಸಿಲು ಬರಲ್ಲ. ಮರಿ ಬದುಕಬೇಕಾಗಿತ್ತು, ಎತ್ಕೊಂಡು ಹೋದೆ. ತಪ್ಪು ಅನಿಸಿದ್ರೆ ನನ್ನನ್ನೇ ಕೇಳಿ, ಇನ್ಯಾರನ್ನೂ ಕೇಳ್ಬೇಡಿ."

ರಾವೆಲು ಅವಳ ಮೊಣಕೈ ತಿವಿದಳು.

"ನಿಮ್ಮ ಮೂಲೆ ಅಂತಾರೇನೇ? ನಮ್ಮ ಮೂಲೆ ಅನ್ನು. ಅವರು ನಿನ್ನನ್ನ ಯಾರೋ ಹೊರಗಿನವಳು ಅಂದ್ಕೋತಾರೆ. ಹೂಂ, ಮೊದಲಿಂದ ಹೇಳು."

ಬಕೂಲಿ ಗಂಟಲು ಸರಿಮಾಡಿಕೊಂಡು ಮೊದಲಿನಿಂದ ಹೇಳಿದಳು.