ಯಾರೂ ಬೆಂಕಿ ಹಾಕದ ಬೆಟ್ಟ

೧೯೫೮ರಲ್ಲಿ ನಾನು ಭದ್ರಾವತಿಯ ಒಂದು ಆಸ್ಪತ್ರೆಯಲ್ಲಿ ಗಂಡಸರ ವಾರ್ಡಿನ ಆಯಾ. ಓದಿದ್ದು ಎರಡನೇ ಕ್ಲಾಸು. ಗುಡಿಸುವುದು, ಬೆಡ್ ಪ್ಯಾನ್ ಇಡುವುದು, ಮಾತು ಕೇಳದವರನ್ನು ಗದರುವುದು ನನ್ನ ಕೆಲಸ.

ಆ ಬೇಸಿಗೆಯಲ್ಲಿ ರಹೀಂ ಸಾಬರನ್ನು ಟೈಫಾಯ್ಡ್ ಎಂದು ಸೇರಿಸಿದರು. ಶಿವಮೊಗ್ಗದವರು, ಇಲ್ಲಿ ಲಾರಿ ರಿಪೇರಿ ಮಾಡಿಕೊಂಡಿದ್ದರು. ಆ ಜ್ವರದಲ್ಲಿ ಕರುಳು ಹುಣ್ಣಾಗಿರುತ್ತದೆ. ಎದ್ದು ಓಡಾಡಿದರೆ ತೂತು ಬಿದ್ದು ಜೀವವೇ ಹೋಗಬಹುದು. ಇವರೋ, ಕಣ್ಣು ಬಿಟ್ಟಾಗಲೆಲ್ಲ ಕಾಲು ಕೆಳಗಿಡುವವರು. "ಹಡಗು ಹೊರಡುತ್ತೆ, ಬಿಡಿ!" ಎಂದು ಕನವರಿಸುವವರು.

ಕೈಕಾಲು ಕಟ್ಟಿಬಿಡಿ ಎಂದರು ಡಾಕ್ಟರು. ಹೆಂಡತಿ ಜೈನಬಿ ನನ್ನ ಕೈಯಲ್ಲಿದ್ದ ಬಟ್ಟೆ ಪಟ್ಟಿ ಹಿಡಿದುಕೊಂಡಳು.

"ಬೇಡ ಅಕ್ಕಾ. ಆ ಹಾಳು ಬೆಟ್ಟಕ್ಕೆ ಹೊರಟಿದಾರೆ. ಕೇರಿಯವರು ನಗ್ತಾರೆ ಅಂತ ನಾನೇ ಬಾಯಿ ಮುಚ್ಚಿಸ್ತಿದ್ದೆ."

"ಯಾವ ಬೆಟ್ಟ ಸಾಬ್ರೇ? ಮಲಗಿ ಹೇಳಿ. ಎದ್ರೆ ನಾನು ಕೇಳಲ್ಲ," ಎಂದೆ.

ಮಲಗಿದರು. ಹರೆಯದಲ್ಲಿ ಅವರು ಹಡಗಿನ ಬಾಯ್ಲರಿಗೆ ಕಲ್ಲಿದ್ದಲು ಹಾಕುತ್ತಿದ್ದರಂತೆ. ತಿಮಿಂಗಿಲ ಹಿಡಿಯುವವರಿಗೆ ಸಾಮಾನು ಒಯ್ಯಲು ಆ ಹಡಗು ಒಮ್ಮೆ ದಕ್ಷಿಣ ಧ್ರುವದ ಕಡೆ ಹೋಯಿತು. ಗಾಳಿಗೆಂದು ಮೇಲೆ ಬಂದರೆ ಸುತ್ತ ಹಿಮ, ನಡುವೆ ಒಂದೇ ಒಂದು ಬೆಟ್ಟ, ಅದರ ನೆತ್ತಿಯಲ್ಲಿ ಹೊಗೆ.

ಹೊಗೆ ಅಂದರೆ ಕಾರ್ಖಾನೆ. ಭದ್ರಾವತಿಯವಳಿಗೆ ಬೇರೇನು ಗೊತ್ತು? "ಎಷ್ಟು ಶಿಫ್ಟು ನಡೀತಿತ್ತು?" ಎಂದೆ.

ಪಕ್ಕದ ಮಂಚದವರು ನಕ್ಕರು. ಸಾಬರೂ ನಕ್ಕರು. "ಶಿಫ್ಟೆಲ್ಲಿ ಬಂತು ಮಾರಾಯ್ತಿ! ಒಂದು ನರಪಿಳ್ಳೆ ಇಲ್ಲ. ಒಳಗಿಂದ ತಾನೇ ಉರಿಯೋ ಬೆಟ್ಟ, ಜ್ವಾಲಾಮುಖಿ. ನಾನು ಕೆಳಗೆ ಸಲಿಕೆ ಹಿಡಿದು ಸಾಯ್ತಿದ್ದೆ. ಅದಕ್ಕೆ ಯಾರೂ ಕಲ್ಲಿದ್ದಲು ಹಾಕೋದೇ ಬೇಡ! ಕಣ್ತುಂಬ ನೋಡೋ ಮುಂಚೆ ಕೆಳಗೆ ಕರೆದುಬಿಟ್ರು. ಇನ್ನೊಂದ್ಸಲ ಸುಮ್ನೆ ನಿಂತು ನೋಡ್ಬೇಕು."

ಆಮೇಲೆ ಅವರ ಕಾಲು ಕೆಳಗೆ ಬಂದಾಗಲೆಲ್ಲ ಬೆಟ್ಟದ್ದೇ ಒಂದು ಪ್ರಶ್ನೆ ಹಾಕುತ್ತಿದ್ದೆ. ನನಗೆ ಬೇರೆ ಕೆಲಸ ಬಿದ್ದರೆ ಜೈನಬಿ ಕೇಳುತ್ತಿದ್ದಳು. ಅಲ್ಲಿ ಹಕ್ಕಿ ಇತ್ತಾ? ಅಷ್ಟು ಬೆಂಕಿಗೂ ಹಿಮ ಯಾಕೆ ಕರಗಲಿಲ್ಲ? ಉತ್ತರ ಹೇಳುತ್ತ ಮಲಗಿಯೇ ಇದ್ದರು. ಕಟ್ಟುವ ಕೆಲಸ ಬೀಳಲಿಲ್ಲ. ಜ್ವರ ಇಳಿಯಿತು.

ಮನೆಗೆ ಹೊರಟ ದಿನ ಜೈನಬಿ ನನ್ನನ್ನು ಪಕ್ಕಕ್ಕೆ ಕರೆದಳು. "ಇವರಿಗೇನೋ ವಾಸಿಯಾಯ್ತು. ಈಗ ನಂಗೆ ಹಿಡೀತಲ್ಲ ಅಕ್ಕಾ. ಇಬ್ರೂ ಹೋಗಿ ಆ ಬೆಟ್ಟದ ಮುಂದೆ ನಿಲ್ಬೇಕು ಅನ್ಸುತ್ತೆ."

"ಅಲ್ಲಿಗೆ ಬಸ್ಸಿಲ್ಲ," ಎಂದೆ.

"ಗೊತ್ತು," ಎಂದಳು.

ಜ್ವರದಲ್ಲಿ ಕನವರಿಸುವವರ ಬಾಯಿ ಮುಚ್ಚಿಸಬಾರದು, ಎಲ್ಲಿಗೆ ಹೊರಟಿದ್ದೀರಿ ಎಂದು ಕೇಳಬೇಕು. ಆ ಕೆಲಸ ನನಗೆ ಕಲಿಸಿದ್ದು ಇದನ್ನು. ಮುಂದೆ ಎಷ್ಟೋ ಜನರನ್ನು ಕೇಳಿದೆ. ಹೆಚ್ಚಿನವರು ಮನೆಗೆ, ಗದ್ದೆಗೆ, ಅಮ್ಮನ ಹತ್ತಿರಕ್ಕೆ ಹೊರಟವರು. ಈಗ ನನಗೂ ವಯಸ್ಸಾಯಿತು. ಯಾವತ್ತಾದರೂ ನಾನು ಕನವರಿಸಿದರೆ ಮೊಮ್ಮಕ್ಕಳು ಕೇಳಲಿ. ಆ ಬೆಟ್ಟಕ್ಕೇ ಹೊರಟಿರುತ್ತೇನೆ.